ಅರವತ್ತೆಂಟು ಡಿಗ್ರಿಯಲ್ಲಿ ಗಟ್ಟಿಯಾದ ಎಣ್ಣೆ

ಇಸಳೂರಿನ ವಿಮೆ ಏಜೆಂಟ್ ರಘುಪತಿಗೆ ಡಿಸೆಂಬರಿನ ಒಂದು ಶನಿವಾರ ಬೆಳಗ್ಗೆ ಘೋರ ಅನ್ಯಾಯವಾಯಿತು. ತಲೆಗೆ ಹಚ್ಚಿಕೊಳ್ಳಲು ತೆಂಗಿನೆಣ್ಣೆ ಬಾಟಲಿ ಬಗ್ಗಿಸಿದರೆ ಒಂದು ತೊಟ್ಟೂ ಬೀಳಲಿಲ್ಲ. ಎಣ್ಣೆ ಮೇಣದ ಹಾಗೆ ಬೆಳ್ಳಗೆ ಗಟ್ಟಿಯಾಗಿತ್ತು.

ಅವನ ತೀರ್ಪು ತಕ್ಷಣ ಹೊರಬಿತ್ತು: ಕಲಬೆರಕೆ. ಯಾವ ವಸ್ತುವಾದರೂ ಹೆಪ್ಪುಗಟ್ಟುವುದು ಸೊನ್ನೆ ಡಿಗ್ರಿಯಲ್ಲಿ; ಗೋಡೆಯ ಥರ್ಮಾಮೀಟರ್ ನೋಡಿದರೆ ಅರವತ್ತೆಂಟು ತೋರಿಸುತ್ತಿದೆ. (ಇದನ್ನು ಹೇಳುವಾಗ ಸ್ವೆಟರ್ ಹಾಕಿ ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದ.)

ಹೆಂಡತಿ ಲಕ್ಷ್ಮೀ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಸೊನ್ನೆಯ ಲೆಕ್ಕ ನೀರಿಗೆ, ಎಣ್ಣೆಗಲ್ಲ ಎಂದು ಶುರುಮಾಡಿದಳು. ಆದರೆ ಅವಳ ವಿಜ್ಞಾನ ಶಾಲೆಯ ಕಂಪೌಂಡಿನ ಹೊರಗೆ ಊರ್ಜಿತವಲ್ಲ ಎಂಬುದು ಅವನ ನಿಲುವು.

"ಆ ಥರ್ಮಾಮೀಟರಿಗೆ ಇನ್ನೊಂದು ಬದಿನೂ ಇದ್ದು, ನೋಡಿ," ಎಂದಳು.

"ಎಂತದೂ ನೋಡದು ಬ್ಯಾಡ. ಆನು ಈಗ್ಲೇ ಹೋಗಿ ಕೇಳ್ತೆ."

ಬಾಟಲಿಯನ್ನು ಸಾಕ್ಷಿಯೆಂದು ಸ್ವೆಟರಿನೊಳಗೆ ಹೊಟ್ಟೆಗೆ ಒತ್ತಿಕೊಂಡು ಬೈಕೇರಿ ಶಿರಸಿ ಪೇಟೆಗೆ ಹೊರಟ. ದಾರಿಯಲ್ಲಿ ಸಿಕ್ಕವರಿಗೆಲ್ಲ ತನ್ನ ಧರ್ಮಯುದ್ಧದ ಸುದ್ದಿ ಹೇಳಿದ, ಚಹಾ ಕುಡಿದ. ಅಷ್ಟರಲ್ಲಿ ಬಿಸಿಲೂ ಏರಿತು.

ಆ ಎಣ್ಣೆ ಮಾರಿದ್ದ ಗಿರಣಿಯ ದ್ಯಾಮಪ್ಪ ಹಾವೇರಿ ಕಡೆಯವ. ಕುರ್ಚಿ ಕೊಟ್ಟು ಕೂರಲು ಹೇಳಿದ. ರಘುಪತಿ ಕೂರಲಿಲ್ಲ. ಗಿರಾಕಿಗಳ ಮುಂದೆ ಮೇಣ, ಮೋಸ, ಗ್ರಾಹಕ ನ್ಯಾಯಾಲಯ ಎಂದೆಲ್ಲ ಭಾಷಣ ಬಿಗಿದು, ಬಾಟಲಿ ಹೊರತೆಗೆದು ಎತ್ತಿ ಹಿಡಿದ.

ಎಣ್ಣೆ ನೀರಿನಂತೆ ತಿಳಿಯಾಗಿ ಕುಲುಕಾಡಿತು.

ದ್ಯಾಮಪ್ಪ ಮುಚ್ಚಳ ತೆಗೆದು ಮೂಸಿದ. "ಛಲೋ ಐತಲ್ರೀ. ಮತ್ತೇನ್ ಬೇಕಾಗಿತ್ರಿ ನಿಮಗ?"

ಎಲ್ಲರೂ ರಘುಪತಿಯನ್ನೇ ನೋಡುತ್ತಿದ್ದರು. "ಐದು ಲೀಟರ್ ಕೊಡಿ," ಎಂಬ ಮಾತು ಅವನ ಬಾಯಿಂದ ತಾನಾಗಿ ಬಂತು.

ಐದು ಲೀಟರಿನ ಕ್ಯಾನ್ ಹೊತ್ತು ಮನೆಗೆ ಬಂದವನನ್ನು ಲಕ್ಷ್ಮೀ ಥರ್ಮಾಮೀಟರಿನ ಮುಂದೆ ನಿಲ್ಲಿಸಿದಳು. ಬೆಳಗ್ಗೆ ಅವನು ಓದಿದ್ದು ಫ್ಯಾರನ್‌ಹೀಟ್ ಬದಿ. ಆ ಅರವತ್ತೆಂಟು ಸೆಲ್ಸಿಯಸ್ ಬದಿಯಲ್ಲಿ ಬರೀ ಇಪ್ಪತ್ತು. ಫ್ಯಾರನ್‌ಹೀಟಿನಲ್ಲಿ ನೀರು ಕೂಡ ಹೆಪ್ಪುಗಟ್ಟುವುದು ಮೂವತ್ತೆರಡಕ್ಕೆ. ತೆಂಗಿನೆಣ್ಣೆಗೋ ಎಪ್ಪತ್ತಾರೇ ಗಡಿ, ಅಂದರೆ ಇಪ್ಪತ್ನಾಲ್ಕು ಸೆಲ್ಸಿಯಸ್; ಅದಕ್ಕಿಂತ ಕೆಳಗಿಳಿದರೆ ಗಟ್ಟಿಯಾಗತೊಡಗುತ್ತದೆ. ರಘುಪತಿ ಹಿಂದಿನ ಬೆಂಚಿನ ಹುಡುಗನ ಹಾಗೆ ತಲೆಯಾಡಿಸಿದ.

ಮರುದಿನ ಭಾನುವಾರ, ಲಕ್ಷ್ಮೀಗೆ ಎಣ್ಣೆಸ್ನಾನ. ಹೊಸ ಕ್ಯಾನಿನ ತುಂಬ ಒಂದೇ ಬಿಳಿ ಬಂಡೆ. ಅದರ ಕಿರಿದಾದ ಬಾಯಿಗೆ ಚಮಚವೂ ತೂರದು. ಹಳೆಯ ಬಾಟಲಿಯದೂ ಅದೇ ಕಥೆ. ಪ್ಲಾಸ್ಟಿಕ್ ಕ್ಯಾನನ್ನು ಬಿಸಿನೀರಿಗಿಡಲು ಅವಳು ಒಪ್ಪಲಿಲ್ಲ. ಬೇರೆ ಉಪಾಯ ಹೂಡಿದಳು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಮಂಜಿ ಬೇಲಿಯಾಚೆಯಿಂದ ಇಣುಕಿದರೆ, ರಘುಪತಿ ಅಂಗಳದ ಬಿಸಿಲಿನಲ್ಲಿ ಸ್ವೆಟರಿನೊಳಗೆ ಕ್ಯಾನ್ ತೂರಿಸಿಕೊಂಡು ತುಂಬು ಬಸುರಿಯ ಹಾಗೆ ಕೂತಿದ್ದ. ಒಡೆಯರಿಗೆ ಜ್ವರವೇ ಎಂದು ಅವಳು ಮರುಗಿದಳು.

"ಜ್ವರ ಅಲ್ಲ ಮಂಜಿ," ಎಂದಳು ಲಕ್ಷ್ಮೀ ಬಾಗಿಲಲ್ಲಿ ನಿಂತು. "ಎಣ್ಣೆ ಕರಗೋಕೆ ಇಪ್ಪತ್ನಾಲ್ಕು ಡಿಗ್ರಿ ಸಾಕು. ಇವರ ಹೊಟ್ಟೆ ಮೂವತ್ತೇಳು ಇದೆ. ಅದೂ ಪುಕ್ಕಟೆ."