ಊಟ ಆಗೇತಿ ಎಂದವನು

ಯಾವುದಾದರೂ ಪ್ರಶ್ನೆ ಬಗೆಹರಿಯದೆ ಉಳಿದರೆ ನನಗೆ ಕೂತಲ್ಲಿ ಕೂಡಲಾಗುವುದಿಲ್ಲ. ಅಂಗಿಯೊಳಗೆ ಜೋಳದ ತುರಿಸುವ ಸುಂಕು ಹೊಕ್ಕವರ ಹಾಗೆ ಚಡಪಡಿಸುತ್ತೇನೆ. ನಮ್ಮ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲದಲ್ಲಿ, ಜಮಖಂಡಿಗೆ ಬಂದಿದ್ದ ಟೂರಿಂಗ್ ಟಾಕೀಸಿನಲ್ಲಿ ಹೆಂಡತಿ ಶಾಂತಾಳ ಜೊತೆ ಒಂದು ಇಂಗ್ಲಿಷ್ ಸಿನೆಮಾ ನೋಡಿದ ಮೇಲೆ ಇದೇ ಗತಿಯಾಯಿತು. ಆಕಾಶದಿಂದ ಇಳಿದ ಅದರ ನಾಯಕ ಮನುಷ್ಯನೋ, ಮನುಷ್ಯನ ರೂಪದ ಯಂತ್ರವೋ ಎಂಬುದನ್ನು ಸಿನೆಮಾ ಮಾಡಿದ ಪುಣ್ಯಾತ್ಮರು ಕಡೆಯವರೆಗೂ ಹೇಳಲಿಲ್ಲ. ಅವನಿಗೆ ಆಸರೆ ಕೊಟ್ಟ ಹೆಣ್ಣುಮಗಳು ಕೊನೆಗೆ ಅವನ ಮುಂದೆ ತಟ್ಟೆ ಇಡುತ್ತಾಳೆ. ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಕಥೆ ಹೇಳುತ್ತಿದ್ದವನು ಅವನ ಉತ್ತರವನ್ನು, "ನಂದು ಊಟ ಆಗೇತ್ರಿ" ಎಂದು ಒದರಿದ. ನಾಯಕ ತಟ್ಟೆಯನ್ನೊಮ್ಮೆ ನೋಡಿ, ತನ್ನ ವಾಹನ ಹತ್ತಿ ಹೋಗಿಯೇಬಿಟ್ಟ.

"ಅದು ಯಂತ್ರನ. ಹಸಿವಿಲ್ಲ, ಬ್ಯಾಡ ಅಂತು" ಎಂದೆ.

"ಏನ್ ಮಾತಾಡ್ತೀರಿ! ಯಂತ್ರಕ್ಕ ಎಲ್ಲೀ ಸಂಕೋಚ? ಹಸದಾಂವನ, ಮರ್ಯಾದಿಗೆ ಹಂಗಂದ. ತಾಟ ಹೆಂಗ ನೋಡಿದ, ಕಾಣಲಿಲ್ಲೇನ್ರಿ?" ಎಂದಳು ಶಾಂತಾ.

ನಾನು ಬಿಡಲಿಲ್ಲ, ಆಕೆಯೂ ಬಿಡಲಿಲ್ಲ. ನನ್ನ ಅರಿವೆ ಅಂಗಡಿಯಲ್ಲಿ ಕೂತರೂ ಅದೇ ಗುಂಗು. ಸೀರೆ ಕೇಳಿದವರಿಗೆ ಧೋತರ ಬಿಚ್ಚಿ ತೋರಿಸಿದೆ. ಮನೆಯಲ್ಲಂತೂ ಮಾತೇ ನಿಂತುಹೋಯಿತು. ಶಾಂತಾಳ ಮಾತಿಲ್ಲದ ಮನೆ ನನಗೆ ಸಹಿಸಲಾಗುವುದಿಲ್ಲ. ಆದರೆ ಸೋಲೊಪ್ಪಲು ಗಂಡಸಿನ ಬಿಗುಮಾನ ಬಿಡಬೇಕಲ್ಲ!

ಅದೇ ವಾರ ಮುಧೋಳದಲ್ಲಿದ್ದ ಆಕೆಯ ಅಕ್ಕನ ಮನೆಗೆ ಹೋದೆವು. ಬಸ್ಸು ಕೆಟ್ಟು ನಿಂತು, ತಲುಪುವಷ್ಟರಲ್ಲಿ ನನ್ನ ಹೊಟ್ಟೆ ತಾಳ ಹಾಕುತ್ತಿತ್ತು.

"ಕೈಕಾಲ ತೊಳಕೊಳ್ರಿ, ಊಟಕ್ಕ ಏಳ್ರಿ" ಎಂದರು ಅಕ್ಕ.

"ನಂದು ಆಗೇತ್ರಿ ಅಕ್ಕಾರ" ಎಂದೆ. ನಮ್ಮ ಕಡೆ ಹಾಗನ್ನುವುದು ರೂಢಿ. ಮತ್ತೆ ಮತ್ತೆ ಒತ್ತಾಯಿಸಿ, ರಟ್ಟೆ ಹಿಡಿದು ಕೂಡಿಸುವುದೂ ರೂಢಿ. ಅಕ್ಕ ಬಾಯಿ ತೆರೆದಿದ್ದರು ಕೂಡ.

"ಬಿಡಕ್ಕಾ," ಎಂದಳು ಶಾಂತಾ. "ಬ್ಯಾಡ ಅಂದ್ರ ಹಸಿವಿಲ್ಲಂತ. ಇವರ ಲೆಕ್ಕನ ಹಂಗೈತಿ."

ಹೇಳಿ, ತಾನು ಮಣೆಯ ಮೇಲೆ ಕೂತು ರೊಟ್ಟಿ ಮುರಿದಳು. ಬದನೆಕಾಯಿ ಎಣ್ಣೆಗಾಯಿಯ ವಾಸನೆ ಪಡಸಾಲೆಗೇ ಬಂತು. ಎದ್ದೆ, ಕೂತೆ, ಗೋಡೆಯ ಕ್ಯಾಲೆಂಡರು ನೋಡಿದೆ. ಕೊನೆಗೆ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತೆ.

"ಶಾಂತಾ, ಅಂವ ಮನಷ್ಯಾನ ಇದ್ದ."

"ಯಾರು?"

"ಅಂವನೂ... ನಾನೂ."

ನಾಲ್ಕಾರು ದಿನದ ಮೇಲೆ ನಕ್ಕಳು ನೋಡಿ, ಬಿಗುಮಾನ ಹೋದದ್ದಕ್ಕೆ ಬೇಸರವಾಗಲಿಲ್ಲ. ಏನೂ ತಿಳಿಯದ ಅಕ್ಕನಿಗೆ ಆಕೆಯೇ ಎಲ್ಲ ವಿವರಿಸಿ, ನನಗೆ ತಾಟು ಹಾಕಿಸಿದಳು.

ರೊಟ್ಟಿ ಮುರಿಯುತ್ತಿದ್ದಂತೆ ಹೊಸ ಚಡಪಡಿಕೆ ಶುರುವಾಯಿತು. ಸಿನೆಮಾದ ಆ ಹೆಣ್ಣುಮಗಳು ಇನ್ನೊಂದು ಸಲ ಕೇಳಿದ್ದರೆ ಎಲ್ಲ ಗೊತ್ತಾಗಿಬಿಡುತ್ತಿತ್ತಲ್ಲ! ಪಾಪ, ಹಸಿದುಕೊಂಡೇ ಆಕಾಶಕ್ಕೆ ಹೋದನೇನೋ. ಇದೇ ಯೋಚನೆಯಲ್ಲಿದ್ದಾಗ ಅಕ್ಕ ಇನ್ನೊಂದು ರೊಟ್ಟಿ ಹಿಡಿದು ಬಂದರು.

"ಸಾಕ್ರಿ" ಎಂದುಬಿಟ್ಟೆ, ರೂಢಿಯಂತೆ.

ಅಕ್ಕ ನಂಬಿ, ರೊಟ್ಟಿಯ ಬುಟ್ಟಿಯನ್ನೇ ಎತ್ತಿಕೊಂಡು ಒಳಗೆ ಹೋದರು.