ಮೂರು ಸೇರು ಮೊಳಕೆ ರಾಗಿ

ತ್ರಿವಿಕ್ರಮನ ಮದುವೆಗೆ ಅಡ್ಡ ಬಂದದ್ದು ಜಾತಕವಲ್ಲ, ಬೀರು. ಐದು ಕಡೆ ಹೆಣ್ಣು ನೋಡಿ, ಐದು ಕಡೆಯೂ ಉಪ್ಪಿಟ್ಟು ತಿಂದು, "ಕೆಲಸ ಎಲ್ಲಿ?" ಎಂದಾಗ "ಬೀರ್ ಫ್ಯಾಕ್ಟರಿಯಲ್ಲಿ ಕೆಮಿಸ್ಟು" ಎಂದು ಸತ್ಯ ನುಡಿದು, ಕಾಫಿ ಬರುವ ಮೊದಲೇ ಎದ್ದು ಬಂದಿದ್ದ. ಹಾಗಾಗಿ ಆರನೆಯವರಾದ ಆರ್.ಟಿ. ನಗರದ ಸೇತುರಾಮಯ್ಯನವರಿಗೆ "ಆಹಾರ ಪದಾರ್ಥಗಳ ಕಂಪನಿ" ಎಂದು ಕಾಗದ ಬರೆದ. "ನಾನೊಬ್ಬನೇ ಮಗ, ಅಕ್ಕತಂಗಿಯರಿಲ್ಲ" ಎಂದೂ ಸೇರಿಸಿದ. ಎರಡನೆಯದು ನಿಜ. ಅವರ ನಾಲ್ಕನೆಯ ಮಗಳು ತುಂಗಾ ಫೋಟೋದಲ್ಲಿ ನಗು ತಡೆದುಕೊಂಡು ಕೂತಿದ್ದಳು. ಆ ತಡೆದ ನಗುವಿಗೇ ಇವನ ನಿದ್ದೆ ಕೆಟ್ಟಿತ್ತು.

ಸೇತುರಾಮಯ್ಯ ಹುಡುಗನ ಮನೆ ನೋಡಲು ಶನಿವಾರ ಹನ್ನೊಂದಕ್ಕೆ ಯಲಹಂಕಕ್ಕೆ ಬರುವವರಿದ್ದರು. ಗ್ರಹಚಾರ, ಅದೇ ದಿನ ಮೂರಕ್ಕೆ ಫ್ಯಾಕ್ಟರಿಯಲ್ಲಿ ಇನ್ನೊಂದು ಪರೀಕ್ಷೆ. ಊರಾಚೆಯ ಆ ಪುಟ್ಟ ಬೀರ್ ಫ್ಯಾಕ್ಟರಿ, ಹಿಟ್ಟಿನ ಗಿರಣಿಯ ಚಿಕ್ಕಬೈರಪ್ಪನ ಜೊತೆ ಸೇರಿ ರಾಗಿಯಲ್ಲಿ ಹೊಸ ಬೀರು ಮಾಡಲು ಹೊರಟಿತ್ತು. ರಾಗಿ ಚಿಕ್ಕಬೈರಪ್ಪನದು, ಪಾತ್ರೆ ಫ್ಯಾಕ್ಟರಿಯದು, ತಲೆನೋವು ತ್ರಿವಿಕ್ರಮನದು. ಮೊಳಕೆಗಿಟ್ಟ ರಾಗಿ ಅಲ್ಲಿ ಎರಡು ಸಲ ಬೂಷ್ಟು ಹಿಡಿದಿತ್ತು. "ಇದೂ ಕೆಟ್ರೆ ಬೇರೆ ಕೆಲ್ಸ ನೋಡ್ಕೋ" ಎಂದಿದ್ದರು ಮ್ಯಾನೇಜರು. ಅವನು ಮೂರು ಸೇರು ರಾಗಿಯನ್ನು ಮನೆಗೇ ತಂದು, ತನ್ನ ಮದುವೆಗೆಂದು ಇಟ್ಟಿದ್ದ ಪಂಚೆಯಲ್ಲಿ ಕಟ್ಟಿ ಮೊಳಕೆ ಬರಿಸಿದ. ಒಂದೊಂದು ಕಾಳಿಗೂ ಇಲಿಮರಿಯಂಥ ಬಾಲ ಬಂತು. ಹಿಗ್ಗಿ ತಾರಸಿಯ ಮೇಲೆ ಒಣಹಾಕಿದ.

ಅಲ್ಲೇ ಎಡವಟ್ಟಾದದ್ದು. ತಾರಸಿಯಲ್ಲಿ ಮೊಳಕೆ ರಾಗಿ ಒಣಗುತ್ತಿದೆಯೆಂದರೆ ಕೆಳಗೆ ತೊಟ್ಟಿಲು ತೂಗುತ್ತಿದೆ ಎಂದೇ ಆಗ ಓಣಿಯ ಲೆಕ್ಕ.

ಬೆಳಿಗ್ಗೆ ಏಳಕ್ಕೆ ಹಾಲಿನ ಮುನಿಗಂಗಮ್ಮ ಮೆಟ್ಟಿಲಿನಿಂದಲೇ ಇಣುಕಿದಳು. "ಯಾರ್ ಕೂಸ್ಗೆ ಸಾಮಿ ಇದು? ಮದ್ವೇನೇ ಆಗ್ಲಿಲ್ಲ, ಆಗ್ಲೇ ಸರಿಹಿಟ್ಟಾ?"

"ಕೂಸಿಗಲ್ಲಮ್ಮ, ನಂಗೇ. ಹೊಟ್ಟೆ ಹುಣ್ಣು" ಎಂದ. ಬಾಯಿಗೆ ಬಂದದ್ದೇ ಅದು.

ಎಂಟಕ್ಕೆ ಪಕ್ಕದ ಮನೆಯ ಜೈಬುನ್ನೀಸಾ ಬಟ್ಟೆ ಒಣಹಾಕಲು ಹತ್ತಿದರು. "ಕ್ಯಾ ಬೇಟಾ, ಇದು ಯಾರ ಬಚ್ಚಾಗೆ?"

ಹುಣ್ಣು ಎಂದರೆ ಈ ತಾಯಿ ಕಷಾಯ ಕುಡಿಸದೆ ಬಿಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. "ನಮ್ಮಕ್ಕನ ಮಗೂಗೆ ಅಮ್ಮಾ."

"ಅಕ್ಕ ಇದಾರಾ? ನಂಗೆ ಹೇಳ್ಲೇ ಇಲ್ಲ! ಪಾಪ, ಗಂಡ್ಸು ನೀನು, ಇದೆಲ್ಲಾ ನಿಂಗೆ ಎಲ್ಲಿ ಬರ್ತದೆ?"

ಅವನು ಹಲ್ಲು ಕಿರಿದು, ಬಾಳೆಹಣ್ಣು, ಖಾರಾಬೂಂದಿ ತರಲು ಹೊರಟ. ಬಂದು ಮನೆ ಗುಡಿಸುವಾಗ ಎಲ್ಲಿಂದಲೋ ರಾಗಿ ಹುರಿಯುವ ಘಮ ಬಂತು. ಯಾರ ಮನೆಯ ಪುಣ್ಯವೋ ಎಂದುಕೊಂಡ.

ಹನ್ನೊಂದಕ್ಕೆ ಸೇತುರಾಮಯ್ಯ ಬಂದರು. ಹಣೆಯಲ್ಲಿ ಅಂಗಾರ, ಅಕ್ಷತೆ. ಮುಖ ಪಂಚಾಂಗದ ಹಾಗೆ. ಕೂತವರೇ ಕೇಳಿದರು: "ಹುಣ್ಣು ಈಗ ಹೇಗಿದೆ?"

"ಯಾವ ಹುಣ್ಣು ಸಾರ್?"

"ಬಸ್‌ಸ್ಟಾಪಲ್ಲಿ ಹಾಲಿನೋಳನ್ನ ನಿಮ್ಮನೆ ಕೇಳ್ದೆ. 'ಒಟ್ಟೆ ಉಣ್ಣಿನ ಐನೋರ ಮನೇನಾ?' ಅಂತ ಬಾಗಿಲ ತನಕ ತಂದು ಬಿಟ್ಟು ಹೋದ್ಳು."

"ಛೇ ಛೇ, ನಂಗೆ ಕಲ್ಲು ತಿಂದ್ರೂ ಕರಗತ್ತೆ ಸಾರ್!" ಎಂದು ಸಾಕ್ಷಿಗೆ ಒಂದು ಹಿಡಿ ಖಾರಾಬೂಂದಿ ಮುಕ್ಕಿದ. ಖಾರ ನೆತ್ತಿಗೇರಿ ಕೆಮ್ಮಿ ಕಣ್ಣೀರಿಡುತ್ತಿರುವಾಗಲೇ ಜೈಬುನ್ನೀಸಾ ದೊಡ್ಡ ಡಬ್ಬಿ ಹೊತ್ತು ಒಳಗೆ ಬಂದರು. "ತಗೋ ಬೇಟಾ. ತಾರಸಿ ರಾಗಿ ಎಲ್ಲಾ ಹುರಿದು, ಬೀಸಿ, ಏಲಕ್ಕಿ ಬಾದಾಮಿ ಹಾಕಿದೀನಿ. ಮಗು ಪೈಲ್ವಾನ್ ಆಗ್ತದೆ!"

"ಹುರಿದ್ರಾ?" ಎಂದು ತ್ರಿವಿಕ್ರಮ ಚೀರಿದ.

"ಯಾವ ಮಗು?" ಎಂದರು ಸೇತುರಾಮಯ್ಯ.

"ಇವ್ನ ಅಕ್ಕಂದು ಸಾಬ್."

ಸೇತುರಾಮಯ್ಯ ಜೇಬಿನಿಂದ ಕಾಗದ ತೆಗೆದು, ಕನ್ನಡಕ ಹಾಕಿ, ಬೆರಳಿಟ್ಟು ಓದಿದರು. "ಅಕ್ಕತಂಗಿಯರಿಲ್ಲ. ಹಾಗಾದ್ರೆ ಮಗು ಯಾರ್ದಪ್ಪಾ?"

ತ್ರಿವಿಕ್ರಮ ಕೈ ಮುಗಿದುಬಿಟ್ಟ. "ಮಗು ಇಲ್ಲ, ಅಕ್ಕ ಇಲ್ಲ, ಹುಣ್ಣೂ ಇಲ್ಲ ಸಾರ್. ಇರೋದು ಬೀರು! ನಾನು ಬೀರ್ ಫ್ಯಾಕ್ಟರಿ ಕೆಮಿಸ್ಟು!"

ಜೈಬುನ್ನೀಸಾ "ತೋಬಾ!" ಎಂದು ಕೆನ್ನೆ ತಟ್ಟಿಕೊಂಡರು. ಸೇತುರಾಮಯ್ಯ ಒಂದು ಚೊಂಬು ನೀರನ್ನು ಉಸಿರೆತ್ತದೆ ಕುಡಿದರು. "ನೀವೇ ಮಾಡ್ತೀರಾ?"

"ಹೌದು ಸಾರ್."

"ಸಂಜೆ ಆರಕ್ಕೆ ಮನೆಗೆ ಬನ್ನಿ. ಮಾತಾಡೋದಿದೆ."

ನಾಲ್ಕು ಜನರ ಮುಂದೆ ಉಗಿಯಲು ಕರೆದಿದ್ದಾರೆ ಎಂದು ಖಾತ್ರಿಯಾಯಿತು. ಡಬ್ಬಿ ಹಿಡಿದು, ಹೆಣದ ಹಿಂದೆ ಹೋಗುವವನಂತೆ ಫ್ಯಾಕ್ಟರಿಗೆ ಹೋದ. ಹುರಿದ ಮೊಳಕೆಗೆ ಜೀವವಿಲ್ಲ, ಅದರಿಂದ ಬೀರಾಗುವುದಿಲ್ಲ. ಮ್ಯಾನೇಜರು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಬೈರಪ್ಪ ಡಬ್ಬಿಗೆ ಬೆರಳದ್ದಿ ನೆಕ್ಕಿದ. ಮತ್ತೆ ನೆಕ್ಕಿದ. ಮೂರನೆಯ ಸಲಕ್ಕೆ ಚಮಚ ಕೇಳಿದ.

"ಇಂಥಾ ಇಟ್ಟಿರುವಾಗ ಬೀರ್ ಯಾಕ್ ಸಾಮಿ? ಇಂಗೇ ಡಬ್ಬಿಗೆ ತುಂಬಿ ಮಾರಾಣ. ಕುಡ್ಯೋರು ಬೀದಿಗೆ ನಾಕು ಜನ. ಕೂಸು ಮನೆಗ್ ನಾಕು!"

ಅರ್ಧ ಗಂಟೆಯಲ್ಲಿ ರಾಗಿ ಬೀರು ಸತ್ತು ಸರಿಹಿಟ್ಟು ಹುಟ್ಟಿತು. "ಬೀರಿನ ಕಡೆಯಿಂದ ನಿನ್ನ ಹೆಸ್ರು ತೆಗ್ದಿದೀನಿ. ಸೋಮವಾರದಿಂದ ಗಿರಣಿಗೆ ಹೋಗು" ಎಂದರು ಮ್ಯಾನೇಜರು. ತ್ರಿವಿಕ್ರಮ ಅವರ ಕಾಲಿಗೇ ಬಿದ್ದ. ಎಳೆಮಕ್ಕಳ ಆಹಾರ! ಇನ್ನು ಯಾವ ಮಾವ ಬೇಡ ಎನ್ನುತ್ತಾನೆ?

ಆರಕ್ಕೆ ಹತ್ತು ನಿಮಿಷವಿರುವಾಗಲೇ ಆರ್.ಟಿ. ನಗರದ ಹೊಸಿಲಿನಲ್ಲಿ ನಿಂತು ಕೂಗಿದ: "ಸಾರ್, ಬೀರು ಬಿಟ್ಟೆ! ಇವತ್ತಿಂದ ಮಕ್ಕಳ ಹಿಟ್ಟು!"

ಚಾಪೆಯ ಮೇಲೆ ಸಾಲಾಗಿ ಕೂತಿದ್ದ ಮೂವರು ಅಳಿಯಂದಿರು "ಭೇಷ್!" ಎಂದರು. ತಾಂಬೂಲದ ತಟ್ಟೆ ಹಿಡಿದು ಎದುರು ಬರುತ್ತಿದ್ದ ಸೇತುರಾಮಯ್ಯ ನಡುಮನೆಯಲ್ಲೇ ನಿಂತರು. ತಟ್ಟೆ ಕೆಳಗಿಟ್ಟು, ಅವನ ರಟ್ಟೆ ಹಿಡಿದು ಹಿತ್ತಲ ನಲ್ಲಿಯ ಹತ್ತಿರ ಎಳೆದುಕೊಂಡು ಹೋದರು.

"ಬಿಟ್ಟೇ ಬಿಟ್ರಾ?"

"ಪೂರ್ತಿ ಸಾರ್!"

"ಅಯ್ಯೋ, ಏನ್ರೀ ಮಾಡ್ಕೊಂಡ್ರಿ! ಆ ಮೂರೂ ಅಳಿಯಂದ್ರು ಏಕಾದಶಿ ಗಿರಾಕಿಗಳು. ಈರುಳ್ಳಿ ಬಜ್ಜಿ ತಿನ್ನೋಕೂ ನಾನು ಮೇಖ್ರಿ ಸರ್ಕಲ್‌ವರ್ಗೂ ಹೋಗ್ಬೇಕು. ನಾಲ್ಕನೇವ್ನಾದ್ರೂ ನಮ್ಮೋನು ಸಿಕ್ದ ಅಂತ ತಾಂಬೂಲ ತರ್ಸಿದ್ದೆ ಕಣ್ರೀ!" ದನಿ ತಗ್ಗಿಸಿದರು. "ವಾಪಸ್ ಸೇರ್ಕೊಳ್ಳೋಕಾಗಲ್ವಾ?"

"ಹೆಸ್ರೇ ತೆಗ್ದಿದಾರೆ ಸಾರ್."

ಸೇತುರಾಮಯ್ಯ ನಲ್ಲಿಯನ್ನೇ ನೋಡುತ್ತ ನಿಂತರು. ಅದರಿಂದ ಬರುತ್ತಿದ್ದದ್ದು ನೀರು ಮಾತ್ರ. "ಜಾತಕ ಯಾಕೋ ಕೂಡಿ ಬರ್ತಿಲ್ಲ. ಇನ್ನೊಂದ್ಸಲ ತೋರಿಸ್ತೀನಿ, ಹೋಗ್ಬನ್ನಿ" ಎಂದರು. ಅಡುಗೆಮನೆಯ ಕಿಟಕಿಯಲ್ಲಿ ತುಂಗಾ ಫೋಟೋದಲ್ಲಿದ್ದ ಹಾಗೆಯೇ ನಗು ತಡೆದುಕೊಂಡಿದ್ದಳು. ಕೊನೆಗೆ ತಡೆಯಲಾಗದೆ ಒಂದು ಕ್ಷಣ ನಕ್ಕೇಬಿಟ್ಟಳು. ಅಷ್ಟೇ ಅವನ ಪಾಲಿಗೆ ದಕ್ಕಿದ್ದು.

ಮನೆ ಬಾಗಿಲಲ್ಲಿ ಜೈಬುನ್ನೀಸಾ ಒಂದು ಪುಟ್ಟ ಡಬ್ಬಿ ಹಿಡಿದು ಕಾದಿದ್ದರು. "ಬೆಳಿಗ್ಗೆ ಒಂದಿಷ್ಟು ಎತ್ತಿಟ್ಟಿದ್ದೆ ಬೇಟಾ. ಅಕ್ಕನ ಮಗು ಸುಳ್ಳಾದ್ರೇನು, ನಿನ್ನ ಮಗು ಬರಲ್ವಾ? ಆರು ತಿಂಗ್ಳು ಕೆಡಲ್ಲ, ಇಟ್ಕೋ."

ತ್ರಿವಿಕ್ರಮ ಡಬ್ಬಿ ತೆರೆದು, ಒಂದು ಲೋಟ ಹಾಲು ಕಾಯಿಸಿ, ತಾನೇ ಕಲಸಿಕೊಂಡು ಕುಡಿದ. ಬೆಳಗಿನಿಂದ ಆ ಒಂದು ಹಿಡಿ ಖಾರಾಬೂಂದಿ ಬಿಟ್ಟರೆ ಏನೂ ತಿಂದಿರಲಿಲ್ಲ. ಹೊಟ್ಟೆ ನಿಜವಾಗಿಯೂ ಉರಿಯುತ್ತಿತ್ತು.