ನೆಟ್ಟಿನ ಆಚೆಯ ಭುಜ

ಎತ್ತರವಾಗಿ ಬೆಳೆದವರಿಗೆ ಒಂದು ತೊಂದರೆಯಿದೆ. ನಮಗೆ ಬಾರದ ಕೆಲಸಗಳೂ ಬರುತ್ತವೆ ಎಂದು ಊರಿನವರೇ ತೀರ್ಮಾನಿಸಿಬಿಡುತ್ತಾರೆ. ನಾನು ಐದಡಿ ಒಂಬತ್ತಿಂಚು. ಮದುವೆ ಮನೆಯಲ್ಲಿ ತೋರಣ ಕಟ್ಟುವುದಕ್ಕೆ, ಬಸ್ಸಿನಲ್ಲಿ ಕಂಡವರ ಚೀಲವನ್ನೆಲ್ಲ ಮೇಲಿಡುವುದಕ್ಕೆ, ಶಾಲೆಯಲ್ಲಿ ನಿಂತುಹೋದ ಗಡಿಯಾರಕ್ಕೆ ಸೆಲ್ ಹಾಕುವುದಕ್ಕೆ ನಾನೇ ಆಗಬೇಕು. ಕಾಪುವಿನ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ನಮ್ಮ ದೈಹಿಕ ಶಿಕ್ಷಕಿ ಲವೀನಾ ಟೀಚರ್ ಒಂದು ದಿನ ಸ್ಟಾಫ್ ರೂಮಿಗೆ ಬಂದು ನನ್ನನ್ನು ಪಾದದಿಂದ ತಲೆಯವರೆಗೆ ಅಳೆಯುವಂತೆ ನೋಡಿದಾಗ ಇನ್ನೊಂದು ಗಡಿಯಾರ ನಿಂತಿರಬೇಕು ಎಂದುಕೊಂಡೆ.

ನಿಂತದ್ದು ಶಿಕ್ಷಕಿಯರ ವಾಲಿಬಾಲ್ ತಂಡ. ಪಂದ್ಯಾಟಕ್ಕೆ ಐದೇ ಜನ ಸಿಕ್ಕಿದ್ದರು. ಆರನೆಯವರಿಲ್ಲದೆ ಹೆಸರು ಕೊಡುವಂತಿಲ್ಲ. ಕೆಮ್ಮಣ್ಣು ಊರಿನ ಈ ಲವೀನಾ ಕಾಲೇಜಿನಲ್ಲಿದ್ದಾಗ ಒಳ್ಳೆಯ ಆಟಗಾರ್ತಿಯಾಗಿದ್ದವರು. ಮೊಣಕಾಲಿಗೆ ಪೆಟ್ಟಾದ ಮೇಲೆ ಅಂಗಳದ ಹೊರಗೆ ನಿಂತು ಕೂಗುವುದಷ್ಟೇ ಅವರ ಪಾಲಿನ ಆಟ. ಕಾರ್ಕಳದವರ ಎದುರು ನಾವು ಪ್ರತಿವರ್ಷ ಸೋಲುವುದನ್ನು ನೋಡಿ ನೋಡಿ ಅವರ ಮುಖದಲ್ಲಿ ಒಂದು ಶಾಶ್ವತ ಸಂಕಟ ನೆಲೆಸಿಬಿಟ್ಟಿತ್ತು. ನಾನು ಈ ಜನ್ಮದಲ್ಲಿ ಚೆಂಡು ಮುಟ್ಟಿದವಳಲ್ಲ ಎಂದೆ.

"ಚೆಂಡು ಮುಟ್ಟುವುದೇ ಬೇಡ ಟೀಚರ್. ನೆಟ್ಟಿನ ಹತ್ತಿರ ಕೈ ಎತ್ತಿ ನಿಂತ್ರೆ ಸಾಕು. ಬ್ಲಾಕ್ ಅಂದ್ರೆ ಅಷ್ಟೇ" ಎಂದರು ಲವೀನಾ. ಅಷ್ಟು ಒಳ್ಳೆಯ ಹೆಂಗಸು ಅಷ್ಟು ದೊಡ್ಡ ಸುಳ್ಳು ಹೇಳಬಹುದೆಂದು ನನಗೆ ಆಗ ತಿಳಿದಿರಲಿಲ್ಲ.

ಮೊದಲ ಕಷ್ಟ ಕೈ ಎತ್ತುವುದರಲ್ಲೇ ಇತ್ತು. ಹೈಸ್ಕೂಲಿಗೆ ಹೋಗುವಾಗ ನನ್ನ ಎತ್ತರ ನೋಡಿ ಅಮ್ಮನಿಗೆ ಗಂಡು ಸಿಗುವ ಚಿಂತೆ ಶುರುವಾಗಿತ್ತು. ಸ್ವಲ್ಪ ಬಗ್ಗಿ ನಡೆ ಎಂದು ದಿನವೂ ಹೇಳುತ್ತಿದ್ದರು. ಗಂಡು ಸಿಕ್ಕಿ, ಮಗಳ ಮದುವೆಯೂ ಆಗಿಹೋದ ಮೇಲೂ ನಾನು ಬಗ್ಗಿಯೇ ನಡೆಯುತ್ತಿದ್ದೆ. ಲವೀನಾ ನನ್ನ ಬೆನ್ನ ಮೇಲೆ ಅಂಗೈಯಿಟ್ಟು ನೆಟ್ಟಗೆ ನಿಲ್ಲಿಸಿ, ಎರಡೂ ಕೈ ಮೇಲಕ್ಕೆ ಎಂದರು. ನಿಂತಲ್ಲಿಂದಲೇ ನನ್ನ ಬೆರಳು ನೆಟ್ಟಿನ ಅಂಚಿಗೆ ತಾಗಿತು. ಅಂಗಳದ ಸುತ್ತ ನಿಂತಿದ್ದ ಹುಡುಗಿಯರು ಚಪ್ಪಾಳೆ ತಟ್ಟಿದರು. ಉದ್ದವಿದ್ದದ್ದಕ್ಕೆ ನನಗೆ ಚಪ್ಪಾಳೆ ಸಿಕ್ಕಿದ್ದು ಅದೇ ಮೊದಲು. ಸತ್ಯ ಹೇಳಬೇಕೆಂದರೆ, ಆ ಚಪ್ಪಾಳೆಗೇ ನಾನು ಬಲಿಬಿದ್ದೆ.

ಆದರೆ ತಾಲೀಮಿನಲ್ಲಿ ಎದುರು ನಿಂತ ಹುಡುಗಿಯರು ಹೊಡೆದ ಚೆಂಡು ಮಾತ್ರ ನನ್ನ ಕೈಯನ್ನು ಬಿಟ್ಟು ಎಲ್ಲ ಕಡೆಯಿಂದಲೂ ಹೋಗುತ್ತಿತ್ತು. ಚೆಂಡು ಮೇಲೇರಿದೊಡನೆ ನಾನೂ ಹಾರುತ್ತಿದ್ದೆ. ಅವರು ಹೊಡೆಯುವ ಹೊತ್ತಿಗೆ ನೆಲಕ್ಕೆ ಬಂದು ಸೀರೆಯ ಅಭ್ಯಾಸದಲ್ಲಿ ಚೂಡಿದಾರದ ನೆರಿಗೆ ಹುಡುಕುತ್ತಿದ್ದೆ. ಕೆಲವೊಮ್ಮೆ ನೆಟ್ಟನ್ನೇ ತಬ್ಬಿಕೊಂಡು ಇಳಿಯುತ್ತಿದ್ದೆ. ಗಣಿತದವಳಲ್ಲವೇ, ಚೆಂಡಿನ ವೇಗ, ಕೋನ ಎಂದೆಲ್ಲ ಹಾಳೆಯಲ್ಲಿ ಲೆಕ್ಕ ಹಾಕಿ ತಂದು ಲವೀನಾಗೆ ತೋರಿಸಿದೆ. ಅವರು ಅದನ್ನು ತಾಳ್ಮೆಯಿಂದ ನೋಡಿ, ಮಡಚಿ ನನ್ನ ಕೈಗೇ ಕೊಟ್ಟರು.

"ಚೆಂಡನ್ನು ನೋಡ್ಬೇಡಿ ಟೀಚರ್. ಅದಕ್ಕೆ ಎಂತ ಗೊತ್ತುಂಟು? ಹೊಡೆಯುವವರ ಭುಜ ನೋಡಿ. ಅವರು ಹಾರಿದ ಮೇಲೆ ನೀವು ಹಾರಿ."

ಈ ಒಂದು ಮಾತು ನನ್ನ ತಲೆ ಕೆಡಿಸಿತು. ಕೈ ಏನು ಮಾಡುತ್ತದೆಂದು ಭುಜಕ್ಕೆ ಮೊದಲೇ ಗೊತ್ತಿರುತ್ತದೆಯೇ? ಅಂದಿನಿಂದ ನಾನು ಜನರ ಮುಖ ನೋಡುವುದನ್ನೇ ಬಿಟ್ಟೆ. ಕಂಡಕ್ಟರ್ ವಿಸಿಲ್ ಊದಲು ಕೈ ಎತ್ತುವ ಮುಂಚೆ ಯಾವ ಭುಜ ಏಳುತ್ತದೆ, ಮೀನಿನ ಬುಟ್ಟಿ ಎತ್ತುವ ಹೆಂಗಸು ಮೊದಲು ಯಾವ ಕಡೆ ವಾಲುತ್ತಾಳೆ ಎಂದು ಗಮನಿಸತೊಡಗಿದೆ. ತರಗತಿಯಲ್ಲಿ ಪಕ್ಕದವಳ ಉತ್ತರ ನೋಡಹೊರಟ ಹುಡುಗಿಯನ್ನು, ಅವಳಿನ್ನೂ ಕತ್ತು ತಿರುಗಿಸುವ ಮೊದಲೇ ಹೆಸರು ಹಿಡಿದು ಕರೆದೆ. ಮನೆಯಲ್ಲಿ ಯಜಮಾನರನ್ನು ಬಟ್ಟೆ ಒಣಗಿಸುವ ಹಗ್ಗದ ಆಚೆ ನಿಲ್ಲಿಸಿ ಚೆಂಡು ಹೊಡೆಯಲು ಹೇಳಿದೆ. ಅವರು ಎರಡು ಸಂಜೆ ಹೊಡೆದರು. ಮೂರನೆಯ ಸಂಜೆ, ನೀನು ಹೀಗೆ ದುರುಗುಟ್ಟಿ ನೋಡಿದರೆ ನನಗೆ ಏನೋ ತಪ್ಪು ಮಾಡಿದ ಹಾಗೆ ಆಗುತ್ತದೆ ಎಂದು ಒಳಗೆ ಹೋದರು.

ಪಂದ್ಯ ಕಾರ್ಕಳದಲ್ಲಿತ್ತು. ಅವರ ತಂಡದ ಬಲವೆಲ್ಲ ಪ್ರಮೀಳಾ ಎಂಬ ಹಿಂದಿ ಟೀಚರ್. ಮೊದಲ ಸೆಟ್ಟಿನಲ್ಲಿ ಆಕೆ ಹೊಡೆದ ಒಂದು ಚೆಂಡೂ ನನಗೆ ಸಿಗಲಿಲ್ಲ, ನಾವು ಸೋತೆವು. ಲವೀನಾ ನನಗೆ ನೀರಿನ ಬಾಟಲಿ ಕೊಟ್ಟು ತಮ್ಮ ಭುಜವನ್ನು ಒಮ್ಮೆ ತಟ್ಟಿ ತೋರಿಸಿದರು. ಎರಡನೆಯ ಸೆಟ್ಟಿನಲ್ಲಿ ನಾನು ಚೆಂಡನ್ನು ಪೂರ್ತಿ ಮರೆತೆ. ಆಗ ಕಂಡಿತು: ಹೊಡೆಯುವ ಮುಂಚೆ ಪ್ರಮೀಳಾರ ಬಲಭುಜ ತುಸು ಕುಸಿದು ಒಳಕ್ಕೆ ತಿರುಗುತ್ತಿತ್ತು, ಚೆಂಡು ನನ್ನ ಬಲಗೈಯ ಪಕ್ಕದಿಂದ ಹೋಗುತ್ತಿತ್ತು. ಮುಂದಿನ ಸಲ ಆಕೆ ಹಾರಿದ ಮೇಲೆ ಹಾರಿ, ಕೈಗಳನ್ನು ಬಲಕ್ಕೆ ಸರಿಸಿದೆ. ಅಂಗೈ ಉರಿಯಿತು. ಚೆಂಡು ಅವರ ಅಂಗಳದಲ್ಲಿ ಬಿದ್ದು ಉರುಳಿತು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ನಾನೂ ನನ್ನ ಕೈಗಳನ್ನೇ ನೋಡುತ್ತಿದ್ದೆ. ಆಮೇಲೆ ಮತ್ತೊಂದು, ಮಗದೊಂದು. ಆ ಸೆಟ್ ಗೆದ್ದೆವು, ಕೊನೆಯದನ್ನೂ ಗೆದ್ದೆವು. ಲವೀನಾ ಕುಂಟುತ್ತಲೇ ಓಡಿಬಂದು ನನ್ನನ್ನು ಅಪ್ಪಿಕೊಂಡು, ನನ್ನ ಎದೆಯ ಮಟ್ಟದಲ್ಲಿ ಅತ್ತರು.

ಆಟ ಮುಗಿದ ಮೇಲೆ ಪ್ರಮೀಳಾ ತಾವಾಗಿ ಬಂದು ಎಡಗೈ ಚಾಚಿದರು. ನಾನು ಸುಮ್ಮನಿರಬಹುದಿತ್ತು. ಆದರೆ ನಿಮ್ಮ ಮನಸ್ಸಿನಲ್ಲಿರುವುದೆಲ್ಲ ನಿಮ್ಮ ಭುಜದಲ್ಲಿ ಓದಿಬಿಟ್ಟೆ ಎಂದು ದೊಡ್ಡದಾಗಿ ವಿವರಿಸಿದೆ. ಅವರು ನಕ್ಕರು.

"ಮನಸ್ಸಲ್ಲಿ ಎಂತದೂ ಇರಲಿಲ್ಲ ಟೀಚರ್. ಭುಜ ನೋವು. ಎರಡು ತಿಂಗಳಿಂದ ಮಣಿಪಾಲದ ಆಸ್ಪತ್ರೆಗೆ ಹೋಗ್ತಾ ಇದ್ದೇನೆ. ತಲೆ ಬಾಚಲಿಕ್ಕೆ ಕೈ ಎತ್ತಿದ್ರೂ ನೋಯ್ತದೆ. ಆ ಒಂದು ಕಡೆ ಮಾತ್ರ ಹೊಡೆಯಲಿಕ್ಕೆ ಆಗುವುದು."

ಬಿಸಿನೀರಿನ ಶಾಖ ಕೊಡಿ ಎಂದೆ. ಕೊಡುತ್ತಿದ್ದೇನೆ ಎಂದರು.

ಹಿಂದಿರುಗುವಾಗ ಬಸ್ಸಿನಲ್ಲಿ ಲವೀನಾ ನನ್ನನ್ನು ಮಧ್ಯದ ಸೀಟಿನಲ್ಲಿ ಕೂರಿಸಿ, ಅದು ಹೇಗೆ ಗೊತ್ತಾಯಿತೆಂದು ಎಲ್ಲರಿಗೂ ಹೇಳಬೇಕೆಂದು ಹಟ ಹಿಡಿದರು. ನಾನೂ ಹೇಳಿದೆ. ಭುಜ ಕುಸಿದದ್ದನ್ನು ಬೆಳ್ಮಣ್ಣಿನವರೆಗೆ, ನಾನು ಹಾರಿದ್ದನ್ನು ಶಿರ್ವ ದಾಟುವವರೆಗೆ ಕೈಕರಣ ಸಹಿತ ವರ್ಣಿಸಿದೆ. ಪ್ರಮೀಳಾ ಟೀಚರ್ ಹೇಳಿದ್ದನ್ನೂ ತಪ್ಪದೆ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಕಾಪು ಬಂತು.